ರಿಮ್ ಇದ್ದಷ್ಟು ಟೈರ್ ಚಾಚು

ಇವತ್ತು ರಾಜಕೀಯ ಇಲ್ಲ. ಯಾರು ಯಾವ ಪಕ್ಷಕ್ಕೆ ಹಾರಿದ್ರು, ಯಾರ ಕುರ್ಚಿ ಅಲ್ಲಾಡ್ತಿದೆ ಅನ್ನೋದನ್ನೆಲ್ಲ ನಾಳೆ ನೋಡೋಣ. ಇವತ್ತು ನಿಮಗೆ ಒಂದೇ ಒಂದು ಪ್ರಶ್ನೆ. ನಿಮ್ಮ ಕಾರಿನ ಟೈರ್ ಸೈಜ್ ಎಷ್ಟು?

"ಹದಿನಾಲ್ಕು" ಅಂತೀರಿ. ಇಲ್ಲಾಂದ್ರೆ "ಹದಿನೈದು" ಅಂತೀರಿ. ಅದು ಟೈರ್ ಸೈಜ್ ಅಲ್ಲ, ಚಕ್ರದ ವ್ಯಾಸ. ಕೆಲವರು ಪಾರ್ಕಿಂಗ್‌ಗೆ ಹೋಗಿ, ಬಗ್ಗಿ ನೋಡಿ, "185" ಅಂತ ಸರಿಯಾಗೇ ಹೇಳ್ತಾರೆ. ಭೇಷ್. ಹಾಗಾದ್ರೆ ಎರಡನೇ ಪ್ರಶ್ನೆ. ಆ ಟೈರ್ ಕೂತಿರೋ ರಿಮ್ಮಿನ ಅಗಲ ಎಷ್ಟು?

ಈಗ ಪೂರ್ತಿ ನಿಶ್ಶಬ್ದ.

ಕಾರಿನ ಮೈಲೇಜ್ ನಮಗೆ ಗೊತ್ತು. ಟಚ್‌ಸ್ಕ್ರೀನ್ ಎಷ್ಟು ಇಂಚು ಅಂತ ಗೊತ್ತು. ಸನ್‌ರೂಫ್ ತೆರೆಯೋಕೆ ಎಷ್ಟು ಸೆಕೆಂಡ್ ಬೇಕು ಅನ್ನೋದೂ ಗೊತ್ತು. ಆದ್ರೆ ರಸ್ತೆಗೂ ನಮ್ಮ ಮನೆಯವರಿಗೂ ಮಧ್ಯೆ ಇರೋ ಒಂದೇ ವಸ್ತು ಟೈರ್. ಆ ಟೈರನ್ನ ಹಿಡಿದಿಟ್ಟುಕೊಂಡಿರೋದು ರಿಮ್. ಇವೆರಡಕ್ಕೆ ಜಾತಕ ಕೂಡಿದೆಯಾ ಇಲ್ಲವಾ ಅಂತ ನೋಡೋ ಪುರುಸೊತ್ತು ಮಾತ್ರ ನಮಗಿಲ್ಲ.

ನನಗೂ ಇರಲಿಲ್ಲ. ಅದನ್ನ ಮೊದಲು ಒಪ್ಪಿಕೊಂಡುಬಿಡ್ತೀನಿ.

ಇಂಜಿನಿಯರಿಂಗ್ ಮುಗಿಸಿ, ಆ ಕೆಲಸ ಬಿಟ್ಟು ಟಿವಿಗೆ ಬಂದ ಹೊಸತು. ಸಂಬಳದ ಹಣ ಕೂಡಿಸಿ ಒಂದು ಸೆಕೆಂಡ್ ಹ್ಯಾಂಡ್ ಹ್ಯಾಚ್‌ಬ್ಯಾಕ್ ತಗೊಂಡೆ. ಅದಕ್ಕೆ ಕಂಪನಿ ಕೊಟ್ಟಿದ್ದ ಟೈರ್ 175/65 ಆರ್ 14. ರಿಮ್ 5 ಇಂಚು ಅಗಲ. ಕಾರು ಹಿಂದಿನಿಂದ ನೋಡಿದ್ರೆ ಸಣ್ಣ ಕಾಲಿನ ದಪ್ಪ ಮನುಷ್ಯನ ಹಾಗೆ ಕಾಣ್ತಿತ್ತು. ನನಗೆ ಅದು ಹಿಡಿಸಲಿಲ್ಲ. ಟೈರ್ ಅಂಗಡಿಗೆ ಹೋದೆ. "ಸಾರ್, 195/60 ಹಾಕಿಸಿ, ಗಾಡಿ ರೋಡಿಗೆ ಅಂಟ್ಕೊಂಡ್ ಹೋಗುತ್ತೆ" ಅಂದ್ರು. ಹಾಕಿಸಿದೆ. ರಿಮ್ ಮಾತ್ರ ಅದೇ ಹಳೇದು. "ರಿಮ್ ಬದಲಾಯಿಸಬೇಕಾ?" ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನೋಡಿ, ಡಿಗ್ರಿ ಸರ್ಟಿಫಿಕೇಟ್ ಮನೆಯ ಬೀರುವಿನಲ್ಲಿ ಭದ್ರವಾಗಿತ್ತು.

ಕೆಲವು ತಿಂಗಳಾದ ಮೇಲೆ ಅಮ್ಮನನ್ನ ಕೂರಿಸಿಕೊಂಡು ಮೈಸೂರಿಗೆ ಹೊರಟೆ. ಆಗಿನ್ನೂ ಎಕ್ಸ್‌ಪ್ರೆಸ್‌ವೇ ಇಲ್ಲ, ಹಳೇ ರಸ್ತೆ. ಮದ್ದೂರು ದಾಟಿದ ಮೇಲೆ, ಸುಮಾರು 80ರ ವೇಗ. ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಪಕ್ಕದ ದಾರಿಯಿಂದ ಏಕಾಏಕಿ ನುಗ್ಗಿತು. ಸ್ಟೀರಿಂಗ್ ಬಲಕ್ಕೆ ಎಳೆದೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಕಾರು ಒಮ್ಮೆಲೇ ಬಲಕ್ಕೆ ಹೊರಳಿತು. ಎಡಕ್ಕೆ ತಿರುಗಿಸಿದೆ, ಮತ್ತೆ ಅದೇ ತಡ, ಮತ್ತೆ ಅದೇ ತೂಗಾಟ. ಹಾವಿನ ಹಾಗೆ ಮೂರು ಸಲ ಹರಿದು, ಡಿವೈಡರ್ ಪಕ್ಕ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಹಿಂದಿನ ಸೀಟಲ್ಲಿ ನಿದ್ದೆಯಲ್ಲಿದ್ದ ಅಮ್ಮ ಎದ್ದು ಕೂತು, "ಏನಾಯ್ತೋ?" ಅಂದ್ರು. "ಏನಿಲ್ಲಮ್ಮ" ಅಂದೆ. ಕೈ ನಡುಗ್ತಾ ಇತ್ತು.

ಮೈಸೂರಲ್ಲಿ ಒಬ್ಬರು ವಯಸ್ಸಾದ ಮೆಕ್ಯಾನಿಕ್ ಹತ್ತಿರ ವೀಲ್ ಅಲೈನ್‌ಮೆಂಟ್ ಮಾಡಿಸೋಕೆ ನಿಲ್ಲಿಸಿದೆ. ಅವರು ಅಲೈನ್‌ಮೆಂಟ್ ಮೆಷಿನ್ ಮುಟ್ಟಲೇ ಇಲ್ಲ. ಟೈರಿನ ಮಧ್ಯಭಾಗಕ್ಕೆ ಹೆಬ್ಬೆರಳು ಒತ್ತಿ, ಅಂಚಿಗೆ ಒತ್ತಿ, "ಮಧ್ಯ ಮಾತ್ರ ಸವೆದಿದೆ, ಅಂಚು ಹೊಸದರ ಹಾಗಿದೆ. ಗಾಳಿ ಜಾಸ್ತಿ ಹೊಡೆಸ್ತೀರಾ?" ಅಂತ ಕೇಳಿದ್ರು. ಇಲ್ಲ ಅಂದೆ. "ಹಾಗಾದ್ರೆ ರಿಮ್ ಚಿಕ್ಕದು" ಅಂದ್ರು. ಅಷ್ಟೇ. ನಾಲ್ಕು ವರ್ಷದ ಇಂಜಿನಿಯರಿಂಗ್ ಒಂದು ಕಡೆ, ಆ ಹೆಬ್ಬೆರಳು ಒಂದು ಕಡೆ.

ಅವತ್ತಿನಿಂದ ನಾನು ಓದಿ, ಕೇಳಿ ತಿಳಿದುಕೊಂಡಿದ್ದನ್ನ ನಿಮ್ಮ ಮುಂದೆ ಇಡ್ತೀನಿ. ಕಷ್ಟದ ವಿಷಯ ಏನಲ್ಲ, ಹೈಸ್ಕೂಲ್ ಲೆಕ್ಕ ಸಾಕು.

ಮೊದಲು ಟೈರಿನ ಪಕ್ಕೆಯ ಮೇಲಿನ ಬರಹ ಓದೋಣ. ಉದಾಹರಣೆಗೆ 185/65 ಆರ್ 15 88 ಎಚ್. ಇದರಲ್ಲಿ 185 ಅಂದ್ರೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. ಇಲ್ಲೇ ಎಲ್ಲರೂ ಎಡವೋದು. ಇದು ರಸ್ತೆಗೆ ತಾಗೋ ಪಟ್ಟಿಯ ಅಗಲ ಅಲ್ಲ. ಒಂದು ಪಕ್ಕೆಯ ಉಬ್ಬಿನಿಂದ ಇನ್ನೊಂದು ಪಕ್ಕೆಯ ಉಬ್ಬಿನವರೆಗಿನ ಅಗಲ. 65 ಅಂದ್ರೆ ಪಕ್ಕೆಯ ಎತ್ತರ, ಅಗಲದ ಶೇಕಡಾ 65. ಅಂದ್ರೆ ಸುಮಾರು 120 ಮಿ.ಮೀ. ಆರ್ ಅಂದ್ರೆ ರೇಡಿಯಲ್. ಬಹಳ ಜನ ಇದನ್ನ ರೇಡಿಯಸ್ ಅಂದುಕೊಂಡಿದ್ದಾರೆ, ಅಲ್ಲ. ಒಳಗಿನ ದಾರಗಳನ್ನ ಯಾವ ರೀತಿ ಹೆಣೆದಿದ್ದಾರೆ ಅನ್ನೋದರ ಗುರುತು ಅದು. 15 ಅಂದ್ರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. 88 ಅಂದ್ರೆ ಒಂದು ಟೈರ್ 560 ಕೆ.ಜಿ. ಹೊರಬಲ್ಲದು. ಎಚ್ ಅಂದ್ರೆ ಗಂಟೆಗೆ 210 ಕಿ.ಮೀ. ವೇಗದವರೆಗೆ ತಡೆದುಕೊಳ್ಳುತ್ತೆ. ನೀವು ಆ ವೇಗದಲ್ಲಿ ಹೋಗಬೇಕು ಅಂತ ಅರ್ಥ ಅಲ್ಲ!

ಗಮನಿಸಿದ್ರಾ? ಇಷ್ಟೆಲ್ಲ ಬರೆದಿದ್ದಾರೆ, ಆದ್ರೆ ಯಾವ ಅಗಲದ ರಿಮ್ ಬೇಕು ಅಂತ ಈ ಬರಹದಲ್ಲಿ ಎಲ್ಲೂ ಇಲ್ಲ. ಅದಕ್ಕೇ ಈ ವಿಷಯ ಎಲ್ಲರ ಕಣ್ಣು ತಪ್ಪಿಸೋದು.

ರಿಮ್ಮಿಗೂ ತನ್ನದೇ ಬರಹ ಇದೆ. 15×5.5 ಜೆ, ಇಟಿ 45 ಅನ್ನೋ ರೀತಿ ಅಚ್ಚು ಹಾಕಿರ್ತಾರೆ. 5.5 ಅಂದ್ರೆ ಅಗಲ, ಇಂಚಿನಲ್ಲಿ. ಜೆ ಅಂದ್ರೆ ರಿಮ್ಮಿನ ಅಂಚು ಯಾವ ಆಕಾರದಲ್ಲಿ ಮಡಚಿದೆ ಅನ್ನೋ ಗುರುತು. ಈ ಐದೂವರೆ ಇಂಚನ್ನ ಎಲ್ಲಿಂದ ಎಲ್ಲಿಗೆ ಅಳೀತಾರೆ? ಹೊರಗಿನ ತುದಿಯಿಂದ ತುದಿಗೆ ಅಲ್ಲ. ಟೈರಿನ ಅಂಚು ಕೂರೋ ಜಾಗ ಇದೆಯಲ್ಲ, ಆ ಎರಡು ಗೋಡೆಗಳ ಒಳಮೈಯಿಂದ ಒಳಮೈಗೆ. ಹೊರಗಿಂದ ಟೇಪ್ ಹಿಡಿದ್ರೆ ಸುಮಾರು ಒಂದು ಇಂಚು ಜಾಸ್ತಿ ತೋರಿಸುತ್ತೆ. "ನಾನೇ ಅಳೆದೆ ಸಾರ್, ಆರು ಇಂಚಿದೆ" ಅನ್ನೋರ ರಿಮ್ ಅಸಲಿಗೆ 5 ಇಂಚಿನದ್ದಾಗಿರುತ್ತೆ.

ಈಗ ಮದುವೆ ವಿಷಯಕ್ಕೆ ಬರೋಣ. ಟೈರಿನ ಒಳ ಅಂಚಿನಲ್ಲಿ ಉಕ್ಕಿನ ತಂತಿಯ ಬಳೆ ಇರುತ್ತೆ. ಅದಕ್ಕೆ ಬೀಡ್ ಅಂತಾರೆ. ಟೈರಿಗೆ ಅಂಟು ಹಾಕಿರಲ್ಲ, ಬೋಲ್ಟ್ ಹಾಕಿರಲ್ಲ. ಒಳಗಿನ ಗಾಳಿ ಆ ಬಳೆಯನ್ನ ರಿಮ್ಮಿನ ಗೋಡೆಗೆ ಒತ್ತಿ ಹಿಡಿದಿರುತ್ತೆ. ಅಷ್ಟೇ. ಇಡೀ ಸಂಸಾರ ನಿಂತಿರೋದು ಆ ಒತ್ತಡದ ಮೇಲೆ, ಬಳೆ ಕೂತಿರೋ ಕೋನದ ಮೇಲೆ.

ಒಂದು ಅಕ್ಕಿ ಚೀಲ ತಗೊಳ್ಳಿ. ಬಾಯಿಯನ್ನ ಬಿಗಿಯಾಗಿ ಕಟ್ಟಿ. ಏನಾಗುತ್ತೆ? ಹೊಟ್ಟೆ ಉಬ್ಬುತ್ತೆ. ತಳ್ಳಿದ್ರೆ ಆ ಕಡೆ ಈ ಕಡೆ ಓಲಾಡುತ್ತೆ. ಅಗಲ ಟೈರನ್ನ ಕಿರಿದಾದ ರಿಮ್ಮಿಗೆ ಹಾಕಿದಾಗ ಆಗೋದು ಇದೇ. ಎರಡು ಬಳೆಗಳು ಹತ್ತಿರ ಬಂದು, ಪಕ್ಕೆಗಳು ರಿಮ್ಮಿನ ಆಚೆಗೆ ಜೋತುಬೀಳುತ್ತವೆ. ನೀವು ಸ್ಟೀರಿಂಗ್ ತಿರುಗಿಸಿದಾಗ ರಿಮ್ ತಿರುಗುತ್ತೆ, ಪಕ್ಕೆ ಬಾಗುತ್ತೆ, ಆಮೇಲೆ ನಿಧಾನಕ್ಕೆ ರಸ್ತೆ ಮೇಲಿನ ರಬ್ಬರ್ ಹಿಂಬಾಲಿಸುತ್ತೆ. ಮದ್ದೂರಿನ ಹತ್ತಿರ ನನಗೆ ಸಿಕ್ಕ ಆ ಒಂದು ಕ್ಷಣದ ತಡ ಇದೇ. ಪಕ್ಕೆ ಜಾಸ್ತಿ ಬಾಗಿದಷ್ಟೂ ಬಿಸಿ ಜಾಸ್ತಿ. ಕಲಬುರಗಿ, ರಾಯಚೂರು ಕಡೆಯ ಬೇಸಿಗೆಯಲ್ಲಿ, ಕಾರು ತುಂಬ ಜನ, ಡಿಕ್ಕಿ ತುಂಬ ಸಾಮಾನು ಹಾಕಿಕೊಂಡು ಹೊರಟಾಗ ಆ ಬಿಸಿ ಟೈರಿನ ಶತ್ರು.

ಈಗ ಅದೇ ಚೀಲದ ಬಾಯಿಯನ್ನ ಇಬ್ಬರು ಎರಡು ಕಡೆ ಹಿಡಿದು ಜಗ್ಗಲಿ. ಹೊಟ್ಟೆ ಚಪ್ಪಟೆ, ಬಟ್ಟೆ ಬಿಗಿ. ಸಣ್ಣ ಟೈರನ್ನ ಅಗಲ ರಿಮ್ಮಿಗೆ ಹಾಕಿದಾಗ ಆಗೋದು ಇದು. ಇತ್ತೀಚೆಗೆ ಇದೊಂದು ಫ್ಯಾಷನ್. ರೀಲ್ಸ್‌ನಲ್ಲಿ ನೋಡಿರ್ತೀರಿ. ಟೈರ್ ಎಳೆದು ಕೂರಿಸಿದ ಹಾಗೆ, ರಿಮ್ ಹೊರಗೆ ಚಾಚಿದ ಹಾಗೆ. ನೋಡೋಕೆ ಸ್ಟೈಲ್, ಒಪ್ಪಿದೆ. ಆದ್ರೆ ಸರಿಯಾದ ಜೋಡಿಯಲ್ಲಿ ಟೈರಿನ ಪಕ್ಕೆ ರಿಮ್ಮಿಗಿಂತ ಸ್ವಲ್ಪ ಆಚೆ ಇರುತ್ತೆ, ಗುಂಡಿಗೆ ಬಿದ್ದಾಗ ಮೊದಲ ಏಟು ರಬ್ಬರ್ ತಿನ್ನುತ್ತೆ. ಎಳೆದು ಕೂರಿಸಿದಾಗ ಮೊದಲ ಏಟು ಅಲಾಯ್‌ಗೆ. ನಮ್ಮ ಬೆಂಗಳೂರಿನ ರಸ್ತೆಯಲ್ಲಿ! ಇನ್ನೂ ಅಪಾಯ ಏನಂದ್ರೆ, ಬಳೆ ಕೂರೋ ಕೋನ ಬದಲಾಗಿರುತ್ತೆ. ಗಾಳಿ ಸ್ವಲ್ಪ ಕಡಿಮೆಯಾಗಿ, ತಿರುವಿನಲ್ಲಿ ಪಕ್ಕದಿಂದ ಒತ್ತಡ ಬಿದ್ರೆ ಬೀಡ್ ತನ್ನ ಜಾಗ ಬಿಟ್ಟು ಜಾರಬಹುದು. ಜಾರಿದ್ರೆ ಗಾಳಿ ನಿಧಾನಕ್ಕೆ ಹೋಗಲ್ಲ, ಒಂದೇ ಸಲ ಹೋಗುತ್ತೆ.

ಹಾಗಾದ್ರೆ ಯಾವುದಕ್ಕೆ ಯಾವುದು? ಇದನ್ನ ಊಹೆಗೆ ಬಿಟ್ಟಿಲ್ಲ. ಯುರೋಪಿನಲ್ಲಿ ಟೈರ್ ಮತ್ತು ರಿಮ್ ತಯಾರಕರೇ ಸೇರಿ ಮಾಡಿಕೊಂಡ ಇಟಿಆರ್‌ಟಿಒ ಅನ್ನೋ ಸಂಸ್ಥೆ ಇದೆ. ನಮ್ಮಲ್ಲಿ ಐಟಿಟ್ಯಾಕ್ ಇದೆ. ಇವರು ಪ್ರತಿ ಟೈರ್ ಸೈಜಿಗೂ ಒಂದು ಅಳತೆಯ ರಿಮ್, ಅದರ ಆಚೀಚೆ ಒಪ್ಪಬಹುದಾದ ಒಂದು ಮಿತಿ ಅಂತ ಪಟ್ಟಿ ಮಾಡಿಟ್ಟಿದ್ದಾರೆ. ಕೆಲವು ನಮೂನೆ ಹೇಳ್ತೀನಿ. 175/65 ಟೈರಿಗೆ 5ರಿಂದ 6 ಇಂಚು. 185/65 ಟೈರಿಗೆ 5ರಿಂದ 6.5 ಇಂಚು, ಅಳತೆಯ ರಿಮ್ 5.5. 195/65 ಟೈರಿಗೆ 5.5ರಿಂದ 7, ಅಳತೆಯ ರಿಮ್ 6. 205/55 ಟೈರಿಗೆ 5.5ರಿಂದ 7.5, ಅಳತೆಯ ರಿಮ್ 6.5.

ನಾನು ಹಾಕಿಸಿದ್ದು 195/60. ಅದಕ್ಕೆ ಕನಿಷ್ಠ 5.5 ಇಂಚು ಬೇಕು, ಸರಿಯಾಗಿ ಕೂರೋದು 6ರಲ್ಲಿ. ನನ್ನ ಹತ್ತಿರ ಇದ್ದದ್ದು 5. ಅರ್ಧ ಇಂಚು ಅಂದ್ರೆ ಕಣ್ಣಿಗೆ ಏನೂ ಅಲ್ಲ, ಒಂದು ಸೆಂಟಿಮೀಟರ್ ಚಿಲ್ಲರೆ. ಆ ಚಿಲ್ಲರೆಯೇ ಮಿತಿಯ ಒಳಗೂ ಹೊರಗೂ ಇರೋ ವ್ಯತ್ಯಾಸ. ತಮಾಷೆ ಅಂದ್ರೆ ಉಳಿದದ್ದೆಲ್ಲ ಸರಿಯಾಗೇ ಇತ್ತು. ಹೊಸ ಟೈರಿನ ಎತ್ತರ ಹಳೇದಕ್ಕಿಂತ ಆರೂವರೆ ಮಿ.ಮೀ. ಮಾತ್ರ ಜಾಸ್ತಿ. ಭಾರ ಹೊರೋ ಶಕ್ತಿ ಇನ್ನೂ ಹೆಚ್ಚು. ಎಲ್ಲಾ ವಿಷಯದಲ್ಲಿ ಪಾಸ್, ಒಂದೇ ವಿಷಯದಲ್ಲಿ ಫೇಲ್. ಫೇಲ್ ಅಂದ್ರೆ ಫೇಲೇ.

ಪಟ್ಟಿ ಕೈಯಲ್ಲಿಲ್ಲದಾಗ ಒಂದು ಸ್ಥೂಲ ಲೆಕ್ಕ ಇದೆ. 60, 65ರ ಪ್ರೊಫೈಲ್‌ನ ಸಾಮಾನ್ಯ ಕಾರಿನ ಟೈರ್ ಆದ್ರೆ, ಅಗಲದ ಮುಕ್ಕಾಲು ಭಾಗ ತಗೊಂಡು 25.4ರಿಂದ ಭಾಗಿಸಿ, ಹತ್ತಿರದ ಅರ್ಧ ಇಂಚಿಗೆ ತನ್ನಿ. 185ರ ಮುಕ್ಕಾಲು ಸುಮಾರು 139. ಭಾಗಿಸಿದ್ರೆ 5.46. ಅಂದ್ರೆ 5.5 ಇಂಚು. ಮೊಬೈಲ್ ಕ್ಯಾಲ್ಕುಲೇಟರ್ ಸಾಕು. ಇನ್ನೊಂದು ನೆನಪಿಡಿ. ಅದೇ ಟೈರನ್ನ ಅರ್ಧ ಇಂಚು ಅಗಲದ ರಿಮ್ಮಿಗೆ ಹಾಕಿದ್ರೆ ಟೈರೇ ಸುಮಾರು 5 ಮಿ.ಮೀ. ಹಿಗ್ಗುತ್ತೆ, ಕಿರಿದಾದ್ರೆ ಅಷ್ಟೇ ಕುಗ್ಗುತ್ತೆ. ಅಂದ್ರೆ 185 ಅನ್ನೋದು ಕಲ್ಲಿನ ಮೇಲೆ ಕೆತ್ತಿದ್ದಲ್ಲ, ಅಳತೆಯ ರಿಮ್ ಮೇಲೆ ಮಾತ್ರ ಅದು 185.

ಈಗ ಅಂಗಡಿಯವರ ದೊಡ್ಡ ಅಸ್ತ್ರಕ್ಕೆ ಬರೋಣ. "ಅಗಲ ಟೈರ್, ಜಾಸ್ತಿ ಹಿಡಿತ." ನಿಜಾನಾ?

ಲೆಕ್ಕ ಹಾಕೋಣ. ಜನ ಸೇರಿ ಕಾರು 1,200 ಕೆ.ಜಿ. ಅಂತ ಇಟ್ಕೊಳ್ಳಿ. ನಾಲ್ಕು ಚಕ್ರಕ್ಕೆ ತಲಾ 300. ಗಾಳಿ 33 ಪಿಎಸ್‌ಐ, ಅಂದ್ರೆ ಚದರ ಸೆಂಟಿಮೀಟರ್‌ಗೆ ಸುಮಾರು 2.3 ಕೆ.ಜಿ. 300ನ್ನ 2.3ರಿಂದ ಭಾಗಿಸಿದ್ರೆ 130 ಚದರ ಸೆಂಟಿಮೀಟರ್. ಒಂದು ಟೈರ್ ರಸ್ತೆಯನ್ನ ಮುಟ್ಟೋ ಜಾಗ ಹೆಚ್ಚುಕಮ್ಮಿ ಅಷ್ಟೇ. ಅಂಚೆ ಇಲಾಖೆಯ ಒಂದು ಪೋಸ್ಟ್‌ಕಾರ್ಡ್‌ನಷ್ಟು. ನೀವು, ನಿಮ್ಮ ಹೆಂಡತಿ, ಮಕ್ಕಳು, ಅಪ್ಪ ಅಮ್ಮ ಎಲ್ಲರೂ ನಾಲ್ಕು ಪೋಸ್ಟ್‌ಕಾರ್ಡ್ ಮೇಲೆ ಹೋಗ್ತಾ ಇದ್ದೀರಿ.

ಟೈರ್ ಅಗಲ ಮಾಡಿದ್ರೆ ಪೋಸ್ಟ್‌ಕಾರ್ಡ್ ಅಷ್ಟೇನೂ ದೊಡ್ಡದಾಗಲ್ಲ. ಕಾರಿನ ತೂಕ ಅದೇ, ಗಾಳಿ ಅದೇ. ಕಾರ್ಡಿನ ಆಕಾರ ಬದಲಾಗುತ್ತೆ, ಉದ್ದ ಕಮ್ಮಿಯಾಗಿ ಅಡ್ಡಕ್ಕೆ ಹರಡುತ್ತೆ. ಒಣ ರಸ್ತೆಯ ತಿರುವಿನಲ್ಲಿ ಇದರಿಂದ ಲಾಭ ಇದೆ, ಇಲ್ಲ ಅನ್ನಲ್ಲ. ಅದಕ್ಕೇ ವೇಗದ ಕಾರುಗಳಿಗೆ ಅಗಲ ಟೈರ್. ಆದ್ರೆ ಮಳೆಯಲ್ಲಿ ನಿಂತ ನೀರನ್ನ ಸೀಳಿಕೊಂಡು ಹೋಗೋಕೆ ಕಿರಿದಾದ ಟೈರ್ ವಾಸಿ, ಅಗಲ ಟೈರ್ ಬೇಗ ತೇಲುತ್ತೆ. ಜೊತೆಗೆ ತೂಕ ಜಾಸ್ತಿ, ಸ್ಟೀರಿಂಗ್ ಭಾರ, ಮೈಲೇಜ್ ಕಮ್ಮಿ. ಆ ಒಣ ರಸ್ತೆಯ ಲಾಭ ಸಿಗಬೇಕಾದ್ರೂ ಟೈರ್ ಸಪಾಟಾಗಿ ಕೂತಿರಬೇಕು. ಕಿರಿದಾದ ರಿಮ್ಮಿನಲ್ಲಿ ಟೈರಿನ ಬೆನ್ನು ಬಾಗಿ, ಮಧ್ಯ ಮಾತ್ರ ರಸ್ತೆಗೆ ಒತ್ತುತ್ತೆ, ಅಂಚು ಗಾಳಿಯಲ್ಲಿ. ಆ ಮೆಕ್ಯಾನಿಕ್ ಹೆಬ್ಬೆರಳಿಗೆ ಸಿಕ್ಕಿದ್ದು ಅದೇ. ನಾನು 195ಕ್ಕೆ ದುಡ್ಡು ಕೊಟ್ಟು, ಅಂಚನ್ನ ಬಳಸದೇ ಸುಮ್ಮನೆ ಹೊತ್ತು ತಿರುಗ್ತಾ ಇದ್ದೆ.

"ಹಾಗಾದ್ರೆ ಟೈರ್ ಅಗಲ ಮಾಡೋದೇ ತಪ್ಪಾ?" ತಪ್ಪಲ್ಲ. ಕಾರು ಕಂಪನಿಗಳೇ ಮಾಡ್ತವೆ. ಹೇಗೆ ಮಾಡ್ತವೆ ಅನ್ನೋದನ್ನ ನೋಡಿ ಕಲಿಯಬೇಕು. ನಮ್ಮ ರಸ್ತೆಗಳಲ್ಲಿ ಎಲ್ಲೆಲ್ಲೂ ಕಾಣೋ ಮಾರುತಿ ಸ್ವಿಫ್ಟ್ ತಗೊಳ್ಳಿ. 2018ರಲ್ಲಿ ಬಂದ ತಲೆಮಾರಿನಲ್ಲಿ ಕೆಳಗಿನ ಮಾಡೆಲ್‌ಗೆ 165/80 ಆರ್ 14, ಮೇಲಿನ ಮಾಡೆಲ್‌ಗೆ 185/65 ಆರ್ 15. ಒಟ್ಟು ಎತ್ತರ ಲೆಕ್ಕ ಹಾಕಿ. ಮೊದಲನೇದು ಸುಮಾರು 620 ಮಿ.ಮೀ., ಎರಡನೇದು 621.5. ವ್ಯತ್ಯಾಸ ಎರಡು ಮಿ.ಮೀ. ಕೂಡ ಇಲ್ಲ! ಟೈರ್ ಅಗಲವಾಯ್ತು, ಪಕ್ಕೆ ಗಿಡ್ಡವಾಯ್ತು, ಚಕ್ರವೂ ಬದಲಾಯ್ತು, ಒಟ್ಟು ಎತ್ತರ ಮಾತ್ರ ಅಲ್ಲಾಡಲಿಲ್ಲ. ಯಾಕಂದ್ರೆ ಸ್ಪೀಡೋಮೀಟರ್, ಎಬಿಎಸ್, ಗೇರ್ ಎಲ್ಲಾ ಆ ಎತ್ತರವನ್ನ ನಂಬಿಕೊಂಡಿವೆ. ಇದೇ ಕಾರಿಗೆ 205/65 ಆರ್ 15 ಹಾಕಿ ನೋಡಿ. ಎತ್ತರ 647.5 ಆಗುತ್ತೆ, ಶೇಕಡಾ 4 ಜಾಸ್ತಿ. ಮೀಟರ್ ಮೊದಲು ಸರಿಯಾಗಿದ್ದಿದ್ರೆ, ಅದು 100 ತೋರಿಸೋವಾಗ ನೀವು 104ರಲ್ಲಿರ್ತೀರಿ. ಎಕ್ಸ್‌ಪ್ರೆಸ್‌ವೇ ಕ್ಯಾಮೆರಾ ನಿಮ್ಮ ಮೀಟರ್ ನೋಡಲ್ಲ.

ಸರಿ, ಅಗಲ ರಿಮ್ಮನ್ನೇ ಹಾಕಿಸೋಣ ಅಂದ್ರೆ? ಅಲ್ಲೂ ಒಂದು ಮಾತು. ಇಟಿ 45 ಅಂದೆನಲ್ಲ, ಅದು ಆಫ್‌ಸೆಟ್. ಚಕ್ರ ಹಬ್‌ಗೆ ಕೂರೋ ಮೈ, ರಿಮ್ಮಿನ ನಡುಗೆರೆಯಿಂದ ಎಷ್ಟು ಹೊರಗಿದೆ ಅನ್ನೋ ಅಳತೆ. 5.5 ಇಂಚಿನಿಂದ 7 ಇಂಚಿಗೆ ಹೋದ್ರೆ, ಆಫ್‌ಸೆಟ್ ಅದೇ ಇದ್ರೂ ರಿಮ್ ಒಳಕ್ಕೆ 19 ಮಿ.ಮೀ., ಹೊರಕ್ಕೆ 19 ಮಿ.ಮೀ. ಬೆಳೆಯುತ್ತೆ. ಒಳಗಡೆ ಸಸ್ಪೆನ್ಷನ್ ತಾಗಬಹುದು, ಹೊರಗಡೆ ಫೆಂಡರ್ ಉಜ್ಜಬಹುದು. ಖಾಲಿ ಕಾರಲ್ಲಿ ಗೊತ್ತಾಗಲ್ಲ. ಐದು ಜನ ಕೂತು, ಹಂಪ್ ಮೇಲೆ ಹೋಗುವಾಗ ಸ್ಟೀರಿಂಗ್ ಪೂರ್ತಿ ತಿರುಗಿಸಿದ್ರೆ ಆಗ ಕಿರ್ರ್ ಅನ್ನುತ್ತೆ. ಆಫ್‌ಸೆಟ್ ಕಮ್ಮಿ ಮಾಡಿ ಚಕ್ರ ಹೊರಗೆ ತಳ್ಳಿದ್ರೆ ವೀಲ್ ಬೇರಿಂಗ್ ಮೇಲೆ ಹೊರೆ.

ಕಾನೂನು ಏನನ್ನುತ್ತೆ? ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ತಯಾರಕರು ನಿಗದಿ ಮಾಡಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಿಸೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಅಪಘಾತವಾಗಿ ವಿಮೆ ಕೇಳೋಕೆ ಹೋದಾಗ ಸರ್ವೇಯರ್ ಮೊದಲು ನೋಡೋ ಜಾಗಗಳಲ್ಲಿ ಚಕ್ರವೂ ಒಂದು. ಸ್ಟೈಲ್‌ಗೆ ಅಂತ ಖರ್ಚು ಮಾಡಿದ್ದು ಕ್ಲೇಮ್‌ಗೆ ಮುಳುವಾಗೋದು ಬೇಡ.

ಹಾಗಾಗಿ, ಮುಂದಿನ ಸಲ ಟೈರ್ ಅಂಗಡಿಗೆ ಹೋದಾಗ ಐದು ಕೆಲಸ ಮಾಡಿ. ಒಂದು, ಡ್ರೈವರ್ ಬಾಗಿಲು ತೆರೆದು ಅಲ್ಲಿರೋ ಸ್ಟಿಕ್ಕರ್ ಓದಿ. ನಿಮ್ಮ ಕಾರಿಗೆ ಕಂಪನಿ ಒಪ್ಪಿದ ಟೈರ್ ಸೈಜ್, ಗಾಳಿ ಎರಡೂ ಅಲ್ಲಿರುತ್ತೆ. ಎರಡು, ಟೈರ್ ಬಿಚ್ಚಿದಾಗ ರಿಮ್ ಮೇಲಿನ ಅಗಲ, ಆಫ್‌ಸೆಟ್ ಎರಡರದ್ದೂ ಮೊಬೈಲಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಮೂರು, ಹೊಸ ಟೈರಿಗೆ ಒಪ್ಪೋ ರಿಮ್ ಅಗಲ ಎಷ್ಟರಿಂದ ಎಷ್ಟು ಅಂತ ಕೇಳಿ. ತಯಾರಕರ ಪಟ್ಟಿ ತೋರಿಸಿ ಅನ್ನಿ. "ಕೂರುತ್ತೆ ಸಾರ್" ಅನ್ನೋದು ಉತ್ತರ ಅಲ್ಲ. ಟೈರ್ ಕೂರೋದು ಬೇರೆ, ಸರಿಯಾಗಿ ಕೂರೋದು ಬೇರೆ. ನಾಲ್ಕು, ಲೋಡ್ ಇಂಡೆಕ್ಸ್ ಹಳೇದಕ್ಕಿಂತ ಕಮ್ಮಿ ಆಗಬಾರದು. ಐದು, ಒಟ್ಟು ಎತ್ತರ ಬದಲಾಗ್ತಾ ಇದೆಯಾ ಅಂತ ಲೆಕ್ಕ ಹಾಕಿ.

ಇದೆಲ್ಲ ಸೇರಿ ಹತ್ತು ನಿಮಿಷದ ಕೆಲಸ. ನಾವು ಒಂದು ಜೊತೆ ಚಪ್ಪಲಿ ತಗೊಳ್ಳೋಕೆ ಅರ್ಧ ಗಂಟೆ ಅಂಗಡಿಯಲ್ಲಿ ಓಡಾಡ್ತೀವಿ, ಬೆರಳು ಒತ್ತುತ್ತಾ, ಹಿಮ್ಮಡಿ ಕಚ್ಚುತ್ತಾ ಅಂತ ನೋಡ್ತೀವಿ. ಕಾರಿನ ಕಾಲಿಗೆ ಆ ಮರ್ಯಾದೆ ಬೇಡವಾ?

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮ ಹಿರಿಯರು ಹೇಳಿದ್ದು ಸಾಲಕ್ಕೆ. ಟೈರಿಗೂ ಅದು ಅಷ್ಟೇ ನಿಜ. ರಿಮ್ ಇದ್ದಷ್ಟು ಟೈರ್ ಚಾಚು.

ಮೈಸೂರಿಂದ ವಾಪಸ್ ಬರುವಾಗ ನನ್ನ ಕಾರಲ್ಲಿ ಮತ್ತೆ 175ರ ಟೈರ್ ಇತ್ತು. ಸಣ್ಣ ಕಾಲಿನ ದಪ್ಪ ಮನುಷ್ಯನೇ ವಾಪಸ್ ಬಂದಿದ್ದ. ಎರಡು ಸಲ ದುಡ್ಡು ಕೊಟ್ಟ ಹೊಟ್ಟೆಯುರಿ ಬೇರೆ. ಆದ್ರೆ ಮದ್ದೂರು ಬಂದಾಗ ಕನ್ನಡಿಯಲ್ಲಿ ನೋಡಿದೆ. ಅಮ್ಮ ಹಿಂದಿನ ಸೀಟಲ್ಲಿ ಮತ್ತೆ ನಿದ್ದೆ ಮಾಡ್ತಿದ್ರು. ಅವತ್ತು ಏನಾಯ್ತು ಅಂತ ಅವರಿಗೆ ಈವರೆಗೂ ಹೇಳಿಲ್ಲ. ಈ ಲೇಖನ ಓದಿದ್ರೆ ಗೊತ್ತಾಗುತ್ತೆ. ಬೈಸಿಕೊಳ್ಳೋಕೆ ರೆಡಿ ಇದ್ದೀನಿ.

ನೀವು ಮಾತ್ರ ಇವತ್ತೇ ಪಾರ್ಕಿಂಗ್‌ಗೆ ಇಳಿದು, ಒಮ್ಮೆ ಬಗ್ಗಿ ನೋಡಿ.